ಆಪ್ತನೂ ಅಲ್ಲ, ಸಲಹೆಗಾರನೂ ಅಲ್ಲ

ಮನೋವ್ಯಥೆಗೆ ಮಾತಿನಿಂದ ಚಿಕಿತ್ಸೆ ಮಾಡತಕ್ಕವನಿಗೆ ನಮ್ಮಲ್ಲಿ ‘ಆಪ್ತಸಲಹೆಗಾರ’ನೆಂಬ ಹೆಸರು ರೂಢವಾಗಿದೆ. ಈ ಸಮಾಸದ ಎರಡು ಪದಗಳೂ ಜನರನ್ನು ತಪ್ಪುದಾರಿಗೆ ಎಳೆಯುತ್ತವೆಂಬುದು ನನ್ನ ವಾದ. ನೈಯಾಯಿಕರ ಅರ್ಥದಲ್ಲಿ, ನಂಬತಕ್ಕ ಮಾತಿನವನೇ ಆಪ್ತನೆಂದರೆ ಒಪ್ಪಬಹುದು. ಲೋಕವಾದರೋ ಆಪ್ತನೆಂದರೆ ಬಂಧುವೆಂದೇ ತಿಳಿಯುತ್ತದೆ.

“ಹಣ ತೆತ್ತು ಪರಕೀಯನೊಡನೆ ಮಾತನಾಡುವುದೆ? ಗಡಿಯಾರ ನೋಡಿ ಏಳುವವನು, ಮದುವೆಗೆ ಕರೆದರೆ ಬಾರದವನು, ಅವನೆಂಥ ಕರುಣಾಳು? ನಮ್ಮಲ್ಲಿ ಗುರುಹಿರಿಯರಿಲ್ಲವೆ?” ಎಂದು ಆಕ್ಷೇಪಿಸುವ ಮಿತ್ರರು ಅನೇಕರು. ಬಲ್ಲವರೂ ಈ ಪಕ್ಷದ ಸಮೀಪಕ್ಕೆ ಬಂದುದುಂಟು. ಮನೋವೈದ್ಯರಾದ ಜಸ್ವಂತ್ ಸಿಂಗ್ ನೇಕಿಯವರು 1973ರಲ್ಲಿ, ಭಾರತೀಯರಿಗೆ ಗುರುಶಿಷ್ಯಸಂಬಂಧವೇ ಚಿಕಿತ್ಸೆಗೆ ಮಾದರಿಯಾಗಬಹುದೆಂದು ವಿಚಾರಮಾಡಿದರು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಗುರುವೆನ್ನಿಸಿಕೊಂಡವನು ನಾನು, ಆದಕಾರಣವೇ ಒಪ್ಪಲಾರೆ.

ಒಂದು ಸಂಜೆ ಪಾಠ ಮುಗಿದ ಮೇಲೆ ಹುಡುಗನೊಬ್ಬನು ಉಳಿದುಕೊಂಡು, ತಂದೆ ಗೊತ್ತುಮಾಡಿದ ವಿದ್ಯೆ ತನಗೆ ಹತ್ತದೆಂದೂ, ಮನೆಗೆ ಹೋಗಲು ಭಯವೆಂದೂ, ನಿದ್ರೆಯಿಲ್ಲವೆಂದೂ ತಡವರಿಸುತ್ತ ಹೇಳಿದನು. ನಾನು ಅವನಿಗೆ ಪಿತೃಭಕ್ತಿಯ ಮೇಲೆ ಕಾಲುಗಂಟೆ ಉಪದೇಶ ಮಾಡಿದೆನು. ಸಾಲದೆಂದು, ಹಿತವೆಂದೇ ಬಗೆದು, ಆ ರಾತ್ರಿ ಅವನ ತಂದೆಗೂ ತಿಳಿಸಿದೆನು. ಮರುದಿನ ಹುಡುಗನ ತೋಳಿನ ಮೇಲೆ ಬಾಸುಂಡೆಗಳಿದ್ದವು. ಆಮೇಲೆ ಅವನು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟನೇ ಹೊರತು ನನ್ನೊಡನೆ ಮಾತನಾಡಲಿಲ್ಲ. ನನ್ನಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ; ಮೇರೆಯಿರಲಿಲ್ಲ.

ಈ ಮೇರೆಗಳು ಪಾಶ್ಚಾತ್ಯರ ಸಾಮಾನೆಂಬ ಮಾತೂ ನಿಲ್ಲದು. ರೋಗಿಯ ಮನೆಯೊಳಗಣ ವೃತ್ತಾಂತವನ್ನು ಹೊರಗೆ ಆಡಕೂಡದೆಂದೂ, ಅಲ್ಲಿ ಹೊಕ್ಕ ವೈದ್ಯನ ವಾಙ್ಮನಸ್ಸುಗಳು ರೋಗಿಯ ಹಿತವಲ್ಲದೆ ಮತ್ತೊಂದರಲ್ಲಿ ತೊಡಗಕೂಡದೆಂದೂ ಚರಕಸಂಹಿತೆಯ ವಿಮಾನಸ್ಥಾನವು ಶಿಷ್ಯನಿಗೆ ವಿಧಿಸುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಗೋಪ್ಯತೆಯನ್ನು ರೋಗಿಯ ಹಕ್ಕೆಂದಿದೆ; ಪ್ರಾಣಾಪಾಯವೇ ಮೊದಲಾದ ಕೆಲವು ಸಂದರ್ಭಗಳಲ್ಲಿ, ಅಗತ್ಯವಿದ್ದಷ್ಟನ್ನೇ ಹೊರಪಡಿಸಲು ಅವಕಾಶವಿಟ್ಟಿದೆ.

ಹಾಗಾದರೆ ಸಮರ್ಥನು ಮಾಡುವುದೇನು? ಅಮೆರಿಕದ ಕಾರ್ಲ್ ರೋಜರ್ಸ್ 1957ರಲ್ಲಿ ಮುಖ್ಯವೆಂದು ಎಣಿಸಿದುದು ರೋಗಿಯ ಒಳಗನ್ನು ಅವನ ಕಣ್ಣಿನಿಂದ ಅರಿಯುವುದು, ಷರತ್ತಿಲ್ಲದ ಆದರ, ನಟನೆಯಿಲ್ಲದ ನಡತೆ. ಗುರಿ ಯಾವುದು, ಅದಕ್ಕೆ ಮಾಡಬೇಕಾದುದೇನು ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿರಬೇಕೆಂದು ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಹೇಳಿದರು. ಪದ್ಧತಿ ಯಾವುದೇ ಆಗಲಿ, ಈ ಸಖ್ಯ ದೃಢವಾದಲ್ಲಿ ಫಲ ಹೆಚ್ಚೆಂದು ಅನಂತರದ ಸಂಶೋಧನೆಗಳು ಕಂಡುಕೊಂಡಿವೆ. ಇದರಲ್ಲಿ ಉಪದೇಶಕ್ಕೆ ಸ್ಥಾನವೆಷ್ಟು ಅಲ್ಪವೆಂಬುದನ್ನು ವಾಚಕರು ಗಮನಿಸಬೇಕು.

ಸಖ್ಯ ಬಲವಾದಷ್ಟೂ ಮೇರೆ ಬೇಕು. ರೋಗಿಗೆ ಹುಟ್ಟುವ ಅನುರಾಗವು ತನ್ನ ಗುಣಕ್ಕೆ ಸಂದ ಕಾಣಿಕೆಯೆಂದು ಚಿಕಿತ್ಸಕನು ಭ್ರಮಿಸಕೂಡದೆಂದು ಫ್ರಾಯ್ಡ್ 1915ರಲ್ಲೇ ಎಚ್ಚರಿಸಿದನು. ಇನ್ನು ಹಣದ ಮಾತು. ಬಂಧುವಿನ ಮುಂದೆ ಅತ್ತವನು ಜನ್ಮವಿಡೀ ಋಣಿ. ಶುಲ್ಕ ತೆತ್ತವನು ಬಾಗಿಲು ದಾಟಿದೊಡನೆ ಸ್ವತಂತ್ರ. ಆ ಶುಲ್ಕ ಬಡವರಿಗೆ ಭಾರವೆಂಬ ಆಕ್ಷೇಪ ಮಾತ್ರ ನಿಜ. 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ-ಮಾನಸ್ ದೂರವಾಣಿ, 14416, ಉಚಿತವಾದುದು. ಎದುರು ಕುಳಿತು ಕೇಳುವವರು ನಮ್ಮ ತಾಲೂಕುಗಳಲ್ಲಿ ಇನ್ನೂ ವಿರಳ.

ಹೆಸರಿನ ವಿಷಯದಲ್ಲಿ ನನಗೆ ‘ಮನಶ್ಚಿಕಿತ್ಸಕ’ನೆಂಬುದೇ ಸಾಕೆನಿಸುತ್ತದೆ. ಅಚ್ಚಗನ್ನಡದ ಮಾತನ್ನು ಯಾರಾದರೂ ಸೂಚಿಸಿದರೆ ಸಂತೋಷದಿಂದ ಒಪ್ಪುವೆನು.