ಮಾಜಿ ಸೈನಿಕರ ಸಂಘ ಬಾಗಿಲು ಮುಚ್ಚುವ ಮುನ್ನ

ಹಿರಿಯೂರು ತಾಲ್ಲೂಕಿನ ಐಮಂಗಲ ಹೋಬಳಿಗೆ ಸೇನೆಯಿಂದ ನಿವೃತ್ತರಾಗಿ ಮರಳಿದವರು ಎಷ್ಟು ಮಂದಿ? ತೀರಿಹೋದವರ ಹೆಂಡಂದಿರು ಎಷ್ಟು ಮಂದಿ, ಅವರಲ್ಲಿ ಪಿಂಚಣಿ ನಿಂತುಹೋದವರು ಎಷ್ಟು? ಈ ಪ್ರಶ್ನೆಗೆ ಯಾರು ಉತ್ತರ ಹೇಳಬೇಕು ಎಂಬುದೇ ತೀರ್ಮಾನವಾಗಿಲ್ಲ. ನಾಡಕಚೇರಿಯಲ್ಲಿ ಪಹಣಿ ಸಿಗುತ್ತದೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಸಿಗುತ್ತದೆ, ವಿಧವಾ ವೇತನದ ಅರ್ಜಿ ಹಾಕಬಹುದು. ಸೈನಿಕರ ಪಟ್ಟಿ ಇಡುವುದು ಅದರ ಕೆಲಸವಲ್ಲ, ಗ್ರಾಮ ಪಂಚಾಯಿತಿಯ ಕೆಲಸವೂ ಅಲ್ಲ. ಇಂಥ ಹೋಬಳಿಗಳಲ್ಲಿ ಈ ಲೆಕ್ಕವನ್ನು ನೆನಪಿನಲ್ಲೇ ಇಟ್ಟುಕೊಂಡು ಬಂದವರು ಮಾಜಿ ಸೈನಿಕರ ಸಂಘಗಳ ಹಿರಿಯರು. ಯಾವ ಹಟ್ಟಿಯ ಯಾರ ಮಗ ಯಾವ ರೆಜಿಮೆಂಟಿನಲ್ಲಿದ್ದ, ಅವನ ಹೆಂಡತಿಗೆ ಹಣ ಬರುತ್ತಿದೆಯೋ ಇಲ್ಲವೋ ಎಂದು ಹೇಳಬಲ್ಲ ನಿವೃತ್ತ ಸುಬೇದಾರರು, ಹವಾಲ್ದಾರರು. ಆ ತಲೆಮಾರು ಮುಗಿಯುತ್ತಿದೆ. ಅವರ ಜಾಗಕ್ಕೆ ಬರಬೇಕಾದವರು ಬರುತ್ತಿಲ್ಲ. ಸಂಘ ಎಂಬ ಆಸರೆ ಕಣ್ಣೆದುರೇ ಕುಸಿಯುತ್ತಿದೆ, ಅದೂ ಅದರ ಅಗತ್ಯ ಹಿಂದೆಂದಿಗಿಂತ ಹೆಚ್ಚಾಗಿರುವ ಹೊತ್ತಿನಲ್ಲಿ.

ಸಂಘ ಏನು ಮಾಡುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಬಯಲುಸೀಮೆಯ ಹಳ್ಳಿಗಳಲ್ಲಿ ಮಾಮೂಲಾಗಿರುವ ಒಂದು ತೊಡಕನ್ನೇ ನೋಡಿ. ನಾಲ್ಕು ದಶಕದ ಹಿಂದೆ ಭರ್ತಿಯಾದ ಹುಡುಗನ ಹೆಸರನ್ನು ಕನ್ನಡ ಬಾರದ ಗುಮಾಸ್ತನೊಬ್ಬ ತನಗೆ ಕೇಳಿಸಿದಂತೆ ಬರೆದುಕೊಂಡಿರುತ್ತಾನೆ. ಮದುವೆಯಾದಾಗ ಹೆಂಡತಿಯ ಹೆಸರು ‘ಪಾರ್ಟ್ ಟೂ ಆರ್ಡರ್’ ಎಂಬ ಸೇನಾ ದಾಖಲೆಯ ಮೂಲಕ ರೆಕಾರ್ಡ್ ಆಫೀಸಿಗೆ ಹೋಗುತ್ತದೆ. ಅಲ್ಲಿ ಆಕೆ ಲಕ್ಷ್ಮೀದೇವಿ. ಆಧಾರ್ ಕಾರ್ಡಿನಲ್ಲಿ ಲಕ್ಷ್ಮಮ್ಮ, ರೇಷನ್ ಕಾರ್ಡಿನಲ್ಲಿ ಲಕ್ಕಮ್ಮ. ಗಂಡ ಇರುವತನಕ ಇದರಿಂದ ಯಾರಿಗೂ ತೊಂದರೆಯಿಲ್ಲ. ಅವನು ತೀರಿಕೊಂಡ ಮೇಲೆ ಈ ಮೂವರೂ ಒಬ್ಬಳೇ ಎಂದು ಸಾಬೀತು ಮಾಡುವ ಹೊರೆ ಆಕೆಯ ತಲೆಗೆ ಬೀಳುತ್ತದೆ. ನೋಟರಿ ಮುಂದೆ ಅಫಿಡವಿಟ್ ಆಗಬೇಕು, ಮರಣ ಪ್ರಮಾಣಪತ್ರ ಬೇಕು, ಪಿಪಿಒ ಎಂಬ ಪಿಂಚಣಿ ಆದೇಶದ ಪ್ರತಿ ಬೇಕು, ಅದು ಟ್ರಂಕಿನಲ್ಲಿ ಎಲ್ಲೋ ಮಡಚಿ ಇಟ್ಟಿರುತ್ತದೆ. ಕಾಗದಗಳು ಸೈನಿಕ ಕಲ್ಯಾಣ ಕಚೇರಿಗೆ, ಅಲ್ಲಿಂದ ರೆಕಾರ್ಡ್ ಆಫೀಸಿಗೆ, ಅಲ್ಲಿಂದ ಪ್ರಯಾಗರಾಜದ ರಕ್ಷಣಾ ಲೆಕ್ಕಪತ್ರ ಇಲಾಖೆಗೆ ಹೋಗಬೇಕು. ಎಲ್ಲಾದರೂ ಒಂದು ಅಕ್ಷರ ತಪ್ಪಿದರೆ ಅಷ್ಟೂ ವಾಪಸು.

ಶೇಂಗಾ ಹೊಲದಲ್ಲಿ ಕಳೆ ಕೀಳುವ ಹೆಂಗಸು ಇದನ್ನೆಲ್ಲ ಒಬ್ಬಳೇ ಮಾಡಲಾರಳು. ಸಂಘದಲ್ಲಿ ತಿಳಿದವರೊಬ್ಬರಿದ್ದರೆ ‘ಏನೂ ಹೆದರ್ಕೋಬೇಡಮ್ಮ, ಡಿಸ್ಚಾರ್ಜ್ ಬುಕ್ಕು ತಗೊಂಡು ಬಾ, ನೋಡೋಣ’ ಎನ್ನುತ್ತಾರೆ. ಪುಸ್ತಕ ಬಿಡಿಸಿ, ಆರ್ಮಿ ನಂಬರು ಬರೆದುಕೊಂಡು, ಯಾವ ಹೆಸರು ಎಲ್ಲಿ ಹೇಗಿದೆ ಎಂದು ಗುರುತು ಹಾಕಿ, ಅರ್ಜಿ ಬರೆದು, ಜೊತೆಗೆ ಹಿರಿಯೂರಿಗೋ ಚಿತ್ರದುರ್ಗಕ್ಕೋ ಬಸ್ಸು ಹತ್ತುತ್ತಾರೆ. ಸಂಘದ ನಿಜವಾದ ಕೆಲಸ ಇದೇ. ಇದಕ್ಕೆ ಸಂಬಳವಿಲ್ಲ, ಸನ್ಮಾನವಿಲ್ಲ, ಫೋಟೊ ಇಲ್ಲ. ಆದ್ದರಿಂದಲೇ ಇದು ಮೊದಲು ನಿಲ್ಲುತ್ತಿದೆ.

ಇದೇ ಹೊತ್ತಿಗೆ ಸರ್ಕಾರ ಕಾಗದದ ಭಾರವನ್ನೆಲ್ಲ ಕುಟುಂಬದ ಹೆಗಲಿಗೆ ದಾಟಿಸಿದೆ. ಮೊದಲು ಪಿಂಚಣಿ ಬ್ಯಾಂಕಿನ ಮೂಲಕ ಬರುತ್ತಿತ್ತು. ತಡವಾದರೆ ಊರಿನ ಬ್ಯಾಂಕಿಗೇ ಹೋಗಿ ಮ್ಯಾನೇಜರನ್ನು ಕೇಳಬಹುದಿತ್ತು. ಈಗ ರಕ್ಷಣಾ ಪಿಂಚಣಿಯೆಲ್ಲ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಸೇರಿದೆ. ಸೋರಿಕೆ ತಡೆಯಲು, ಲೆಕ್ಕ ಒಂದೆಡೆ ಇಡಲು ಇದು ಒಳ್ಳೆಯ ಕ್ರಮವೇ ಇರಬಹುದು. ಆದರೆ ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡದಿದ್ದರೆ ಹಣ ನಿಲ್ಲುತ್ತದೆ. ಎಪ್ಪತ್ತೈದು ದಾಟಿದ ಮುದುಕನ ಬೆರಳಚ್ಚು ಯಂತ್ರಕ್ಕೆ ಹತ್ತುವುದಿಲ್ಲ. ಒಟಿಪಿ ಬೆಂಗಳೂರಿನಲ್ಲಿರುವ ಮಗನ ಮೊಬೈಲಿಗೆ ಹೋಗುತ್ತದೆ, ಅವನು ಡ್ಯೂಟಿಯಲ್ಲಿರುತ್ತಾನೆ. ಜನಸೇವಾ ಕೇಂದ್ರಗಳಲ್ಲಿ ಈ ಸೇವೆ ಇದೆ ಎಂದು ಆದೇಶ ಹೇಳುತ್ತದೆ. ಅಲ್ಲಿ ಕೂತ ಹುಡುಗನಿಗೆ ಸೈನಿಕರ ಪಿಂಚಣಿಗೂ ಇತರ ಪಿಂಚಣಿಗೂ ವ್ಯತ್ಯಾಸ ಹೇಳಿಕೊಡುವವರು ಯಾರು?

ಕೊಡುವ ಹಣ ಇಲ್ಲವೆಂದಲ್ಲ. ಪ್ರತಿ ಡಿಸೆಂಬರ್ 7ರಂದು, 1949ರಿಂದಲೂ, ಸಶಸ್ತ್ರ ಪಡೆಗಳ ಧ್ವಜ ದಿನದ ಹೆಸರಿನಲ್ಲಿ ಶಾಲೆ ಕಚೇರಿಗಳಲ್ಲಿ ಪುಟ್ಟ ಧ್ವಜ ಹಂಚಿ ಹಣ ಸಂಗ್ರಹಿಸುತ್ತೇವೆ. ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಹಲವು ನೆರವುಗಳಿವೆ. 65 ದಾಟಿದ, ಪಿಂಚಣಿಯೇ ಇಲ್ಲದ, ಹವಾಲ್ದಾರ್ ದರ್ಜೆಯವರೆಗಿನ ಬಡ ಮಾಜಿ ಸೈನಿಕರಿಗೆ ಅಥವಾ ಅವರ ವಿಧವೆಯರಿಗೆ ಕೊಡುವ ಮಾಸಿಕ ನೆರವು 2025ರ ನವೆಂಬರ್ 1ರಿಂದ 4,000 ರೂಪಾಯಿಯಿಂದ 8,000ಕ್ಕೆ ಏರಿದೆ. ಮಗಳ ಮದುವೆಗೆ ಕೊಡುವ 50 ಸಾವಿರ ಒಂದು ಲಕ್ಷವಾಗಿದೆ. ಮಕ್ಕಳ ಓದಿನ ಸಹಾಯಧನವೂ ತಿಂಗಳಿಗೆ ಒಂದು ಸಾವಿರದಿಂದ ಎರಡು ಸಾವಿರವಾಗಿದೆ. ಇದನ್ನು ಮೆಚ್ಚಲೇಬೇಕು. ಆದರೆ ಮದುವೆ ನೆರವಿಗೆ ಗಡುವಿದೆ, ಮದುವೆಯಾದ 180 ದಿನದೊಳಗೆ ಅರ್ಜಿ ಹೋಗಬೇಕು. ಬಳೆ, ಬಟ್ಟೆ, ಛತ್ರದ ಸಾಲ ತೀರಿಸುವ ಗಡಿಬಿಡಿಯಲ್ಲಿ ಆರು ತಿಂಗಳು ಯಾವಾಗ ಕಳೆಯಿತು ಎಂದು ಮನೆಯವರಿಗೇ ಗೊತ್ತಾಗದು. ಇಂಥದ್ದೊಂದು ನೆರವಿದೆ ಎಂದು ಗಡುವು ಮುಗಿದ ಮೇಲೆ ತಿಳಿದುಕೊಂಡ ಕುಟುಂಬಕ್ಕೆ ಏರಿಕೆಯ ಸುದ್ದಿಯಿಂದ ಆಗುವುದೇನು?

ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಈ ಅಂತರ ತುಂಬಬೇಕಿತ್ತು. ಅದಕ್ಕೆ ಪ್ರತಿ ಜಿಲ್ಲೆಯಲ್ಲೂ ಕಚೇರಿಯಿಲ್ಲ, ಒಬ್ಬ ಅಧಿಕಾರಿ ಒಂದಕ್ಕಿಂತ ಹೆಚ್ಚು ಜಿಲ್ಲೆ ನೋಡಿಕೊಳ್ಳಬೇಕಾದ ವ್ಯವಸ್ಥೆ ನಮ್ಮದು. ತಾಲ್ಲೂಕು ಮಟ್ಟದಲ್ಲಂತೂ ಇಲಾಖೆಗೆ ಕೈಕಾಲೇ ಇಲ್ಲ. ಇಷ್ಟು ವರ್ಷ ಅದರ ಕೈಕಾಲಾಗಿದ್ದುದು ಸಂಘಗಳೇ. ಆರೋಗ್ಯದ ವಿಷಯವೂ ಅಷ್ಟೆ. 2003ರ ಏಪ್ರಿಲ್‌ನಲ್ಲಿ ಆರಂಭವಾದ ಇಸಿಎಚ್‌ಎಸ್ ಆರೋಗ್ಯ ಯೋಜನೆ ಮಾಜಿ ಸೈನಿಕರ ಪಾಲಿಗೆ ದೊಡ್ಡ ವರ. ಆದರೆ ಸಕ್ಕರೆ ಕಾಯಿಲೆಯ ಮಾತ್ರೆಗೂ ಪಾಲಿಕ್ಲಿನಿಕ್ ಇರುವ ಊರಿಗೆ ಹೋಗಬೇಕು. ಒಂಟಿಯಾಗಿ ಹೋಗಲಾರದವರು ಅದನ್ನು ಬಿಟ್ಟು ಊರಿನ ಮೆಡಿಕಲ್ ಸ್ಟೋರಿನಲ್ಲಿ ಕೈಯಿಂದ ದುಡ್ಡು ಕೊಟ್ಟು ಮಾತ್ರೆ ತರುತ್ತಾರೆ.

ಜಮೀನಿನ ಮಾತು ಬಂದರೆ ಹೊಟ್ಟೆ ಉರಿಯುತ್ತದೆ. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೆ, ಮಾಜಿ ಸೈನಿಕರಿಗೆ ಶೇ 10ರಷ್ಟು ಮೀಸಲಿದೆ. ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದು ಅಲೆದು ಮುದುಕರಾದವರ ಕಥೆ ರಾಜ್ಯದ ಯಾವ ತಾಲ್ಲೂಕಿಗೂ ಹೊಸದಲ್ಲ. ಗೋಮಾಳವಿಲ್ಲ, ಅರಣ್ಯಕ್ಕೆ ಸೇರಿದೆ, ಸರ್ವೆ ಆಗಿಲ್ಲ, ಕಡತ ಸಿಗುತ್ತಿಲ್ಲ ಎಂದು ಒಬ್ಬೊಬ್ಬನಿಗೇ ಹೇಳಿ ಕಳಿಸುವುದು ಸುಲಭ. ಐವತ್ತು ಮಂದಿ ಒಂದೇ ಮನವಿಗೆ ಸಹಿ ಹಾಕಿ ತಹಶೀಲ್ದಾರರ ಎದುರು ನಿಂತರೆ ಅಷ್ಟು ಸುಲಭವಲ್ಲ. ಆ ಐವತ್ತು ಮಂದಿಯನ್ನು ಒಂದೆಡೆ ಸೇರಿಸುವ ಶಕ್ತಿಯೇ ಈಗ ಉಡುಗುತ್ತಿದೆ.

ಹೀಗೇಕಾಯಿತು? ದೇಶದಲ್ಲಿ ವರ್ಷಕ್ಕೆ ಸುಮಾರು 60 ಸಾವಿರ ಸೈನಿಕರು ನಿವೃತ್ತರಾಗುತ್ತಾರೆ. ಜವಾನರಲ್ಲಿ ಬಹುಪಾಲು ಮಂದಿಗೆ ಆಗ ವಯಸ್ಸು ನಲವತ್ತರ ಆಸುಪಾಸು. ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿರುತ್ತಾರೆ. ಮಳೆ ನಂಬಿದ ಹೊಲ ಮನೆ ನಡೆಸದು. ಬೆಂಗಳೂರಿನ ಬ್ಯಾಂಕಿಗೋ ಕಂಪನಿಯ ಗೇಟಿಗೋ ಸೆಕ್ಯೂರಿಟಿಯಾಗಿ ಹೋಗುತ್ತಾರೆ. ಸಂಘದ ಸಭೆಗೆ ಬರಲು ಅವರಿಗೆ ರಜೆಯಿಲ್ಲ, ಮೊಬೈಲಿನ ವಾಟ್ಸ್‌ಆ್ಯಪ್ ಗುಂಪು ಸಾಕೆನಿಸುತ್ತದೆ. ಗುಂಪಿನಲ್ಲಿ ಆದೇಶದ ಪ್ರತಿ ಬರುತ್ತದೆ, ಶುಭೋದಯ ಬರುತ್ತದೆ, ಸಾವಿನ ಸುದ್ದಿಗೆ ಕೈಮುಗಿದ ಚಿತ್ರಗಳು ಸಾಲಾಗಿ ಬರುತ್ತವೆ. ಸತ್ತವನ ಹೆಂಡತಿ ಆ ಗುಂಪಿನಲ್ಲಿ ಇಲ್ಲ.

ಸಂಘಗಳ ತಪ್ಪನ್ನೂ ಹೇಳದೆ ಬಿಡಲಾಗದು. ಅಧ್ಯಕ್ಷಗಿರಿಗಾಗಿ ಒಂದು ಸಂಘ ಎರಡಾಗುತ್ತದೆ, ಎರಡು ಮೂರಾಗುತ್ತದೆ. ಚುನಾವಣೆ ಬಂದಾಗ ಯಾರದೋ ವೇದಿಕೆಗೆ ಸಮವಸ್ತ್ರದ ಪದಕ ತೊಟ್ಟು ಹೋಗುವವರಿದ್ದಾರೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ವರ್ಷಕ್ಕೊಮ್ಮೆ ಮಹಾಸಭೆ ನಡೆಸಿ, ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರವನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಸಲ್ಲಿಸದ ಸಂಘ ಕಾಗದದ ಮೇಲೂ ಬದುಕಿರುವುದಿಲ್ಲ, ಅದರ ಮನವಿಗೆ ಅಧಿಕಾರಿ ಬೆಲೆ ಕೊಡಬೇಕಾಗಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು, ಸಂಘವೆಂದರೆ ಗಂಡಸರ ಕೂಟ ಎಂದುಕೊಂಡದ್ದು. ಸೈನಿಕನ ವಿಧವೆಗೆ ಸದಸ್ಯತ್ವವಿಲ್ಲದ, ಇದ್ದರೂ ಮತವಿಲ್ಲದ, ಮತವಿದ್ದರೂ ಕುರ್ಚಿಯಿಲ್ಲದ ಸಂಘ ಯಾರ ಪರವಾಗಿ ಮಾತನಾಡುತ್ತದೆ? ಜುಲೈ 26ರ ಕಾರ್ಗಿಲ್ ದಿನಕ್ಕೆ ಆಕೆಯನ್ನು ಕರೆದು ಸೀರೆ, ಹಣ್ಣು ಕೊಟ್ಟು ಕಳಿಸಿದರೆ ಸಾಲದು.

ಸಂಘ ಕಟ್ಟುವ ದಾರಿಯನ್ನು ತೋರಿದವರು ನಮ್ಮವರೇ. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕ, ಕೊಡಗಿನ ಕೆ.ಎಂ. ಕಾರ್ಯಪ್ಪ, 1953ರ ಜನವರಿ 14ರಂದು ನಿವೃತ್ತರಾದ ಮೇಲೆ ಮಾಜಿ ಸೈನಿಕರ ಕ್ಷೇಮವನ್ನೇ ತಮ್ಮ ಕೆಲಸ ಮಾಡಿಕೊಂಡರು, ಅವರಿಗಾಗಿ ಅಖಿಲ ಭಾರತ ಮಟ್ಟದ ಲೀಗ್ ಕಟ್ಟಿದರು. ಅವರು ನಿವೃತ್ತರಾದ ಆ ದಿನವನ್ನೇ ಈಗ ಮಾಜಿ ಸೈನಿಕರ ದಿನವಾಗಿ ಆಚರಿಸುತ್ತೇವೆ. ಸಂಘಟಿತರಾದರೆ ಏನಾಗುತ್ತದೆ ಎಂಬುದಕ್ಕೆ ಹತ್ತಿರದ ಸಾಕ್ಷಿಯೂ ಇದೆ. ‘ಸಮಾನ ಶ್ರೇಣಿ, ಸಮಾನ ಪಿಂಚಣಿ’ಗಾಗಿ 2015ರ ಜೂನ್‌ನಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಹಿರಿಯ ಸೈನಿಕರು ಧರಣಿ ಕೂತರು, ಅದೇ ನವೆಂಬರ್‌ನಲ್ಲಿ ಆದೇಶ ಹೊರಬಿತ್ತು. ಆದೇಶದ ಬಗ್ಗೆ ಅವರಿಗಿದ್ದ ತಕರಾರುಗಳು ಬೇರೆ ಮಾತು. ಒಬ್ಬೊಬ್ಬರೇ ಪತ್ರ ಬರೆದಿದ್ದರೆ ಅದೂ ಬರುತ್ತಿರಲಿಲ್ಲ.

ಮುಂದೆ ಬರುವುದು ಇನ್ನೂ ಕಠಿಣ. ಪೊಲೀಸ್ ತರಬೇತಿ ಶಾಲೆಯಿರುವ ಐಮಂಗಲಕ್ಕೆ ಸಮವಸ್ತ್ರದ ಆಸೆ ಹೊಸದಲ್ಲ. 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಮುಗಿಸಲು ಬೆಳಗಿನ ಜಾವ ಓಡುವ ಹುಡುಗರು ಬಯಲುಸೀಮೆಯ ಊರೂರಲ್ಲಿದ್ದಾರೆ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಡಿ ಅವರು ಸೇರುವುದು ನಾಲ್ಕು ವರ್ಷಕ್ಕೆ. ಗರಿಷ್ಠ ಶೇ 25ರಷ್ಟು ಮಂದಿ ಸೇನೆಯಲ್ಲಿ ಉಳಿಯುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿಯೊಂದಿಗೆ ಮನೆಗೆ. ಪಿಂಚಣಿ ಇಲ್ಲ, ಇಸಿಎಚ್‌ಎಸ್ ಇಲ್ಲ, ‘ಮಾಜಿ ಸೈನಿಕ’ ಎಂಬ ಮಾನ್ಯತೆಯೂ ಇಲ್ಲ. ಕೇಂದ್ರ ಪಡೆಗಳ ನೇಮಕಾತಿಯಲ್ಲಿ ಮೀಸಲಾತಿ ಘೋಷಣೆಯಾಗಿದೆ, ಅದು ಎಷ್ಟು ಜನರನ್ನು ಹಿಡಿದೀತು ಎಂದು ಕಾಲವೇ ಹೇಳಬೇಕು. 2022ರ ಕೊನೆ, 2023ರ ಆರಂಭದಲ್ಲಿ ತರಬೇತಿಗೆ ಸೇರಿದ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆ, 2027ರ ಆರಂಭದ ಹೊತ್ತಿಗೆ ಮುಗಿಯುತ್ತದೆ. ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ ಬಂದೂಕು ಹಿಡಿದು ಗಡಿ ಕಾಯ್ದು ಊರಿಗೆ ಬಂದು ಇಳಿಯುತ್ತಾನೆ. ಸೈನಿಕ ಮಂಡಳಿಯ ನೆರವುಗಳೆಲ್ಲ ಇರುವುದು ಮಾಜಿ ಸೈನಿಕರಿಗೆ, ಆ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಸಂಘದ ಬೈಲಾದಲ್ಲೂ ಅವನಿಗೆ ಜಾಗವಿಲ್ಲವೆಂದಾದರೆ ಅವನು ಯಾರ ಹತ್ತಿರ ಹೋಗಬೇಕು? ಬಿಎಸ್‌ಎಫ್, ಸಿಆರ್‌ಪಿಎಫ್‌ಗಳಿಂದ ನಿವೃತ್ತರಾದವರು ಈ ನೋವನ್ನು ಬಹಳ ಕಾಲದಿಂದ ಉಂಡಿದ್ದಾರೆ. ಕಾನೂನಿನ ಲೆಕ್ಕದಲ್ಲಿ ಅವರು ಮಾಜಿ ಸೈನಿಕರಲ್ಲ, ಊರಿನವರ ಕಣ್ಣಿಗೆ ಮಾತ್ರ ಮಿಲಿಟರಿಯವರು.

ಆಗಬೇಕಾದುದು ಅಸಾಧ್ಯದ ಕೆಲಸವೇನಲ್ಲ. ಐಮಂಗಲ ನಾಡಕಚೇರಿಯಲ್ಲಿ ಹೋಬಳಿಯ ಮಾಜಿ ಸೈನಿಕರು, ಅವರ ವಿಧವೆಯರು, ಅರೆಸೇನಾ ಪಡೆಗಳ ನಿವೃತ್ತರು, ಮರಳುವ ಅಗ್ನಿವೀರರ ಹೆಸರಿರುವ ಒಂದು ವಹಿ ಇರಲಿ ಎಂದು ಜಿಲ್ಲಾಧಿಕಾರಿ ಆದೇಶಿಸಿದರೆ ಸಾಕು, ಅದಕ್ಕೆ ಹೊಸ ಕಾನೂನು ಬೇಕಿಲ್ಲ. ಸೈನಿಕ ಕಲ್ಯಾಣ ಇಲಾಖೆಯ ಸಿಬ್ಬಂದಿ ತಿಂಗಳಿಗೊಂದು ದಿನ ಹಿರಿಯೂರಿನಲ್ಲಿ ಕೂತು ಅರ್ಜಿ ಪಡೆಯಲಿ, ಆ ದಿನವನ್ನು ಹಳ್ಳಿಗಳಲ್ಲಿ ಡಂಗುರ ಸಾರಿಸಲಿ. ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈನಲ್ಲಿ ಸೈನಿಕ ಕುಟುಂಬಗಳಿಗೆಂದೇ ಉಚಿತ ನೆರವಿನ ಯೋಜನೆ ತಂದಿದೆ. ಹೆಸರು ತಿದ್ದುಪಡಿಯ ಅಫಿಡವಿಟ್‌ನಂಥ ಕೆಲಸಗಳಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರನ್ನೇ ಗೊತ್ತುಪಡಿಸಬಹುದು.

ಉಳಿದದ್ದು ಸಂಘಗಳ ಕೈಯಲ್ಲಿದೆ. ಒಡೆದವರು ಒಂದಾಗಬೇಕು. ಬೈಲಾ ತಿದ್ದಿ ವಿಧವೆಯರಿಗೆ ಮತ ಮತ್ತು ಸಮಿತಿಯಲ್ಲಿ ಸ್ಥಾನ ಕೊಡಬೇಕು, ಅಗ್ನಿವೀರರನ್ನೂ ಅರೆಸೇನಾ ಪಡೆಯವರನ್ನೂ ಒಳಗೆ ಕರೆದುಕೊಳ್ಳಬೇಕು. ಬೆಂಗಳೂರಿನಲ್ಲಿ ದುಡಿಯುವ ಕಿರಿಯರು ಸಭೆಗೆ ಬರಲಾಗದಿದ್ದರೂ ರಾತ್ರಿ ಪಾಳಿ ಮುಗಿಸಿ ಫೋನಿನಲ್ಲೇ ಒಬ್ಬ ವಿಧವೆಯ ಸ್ಪರ್ಶ್ ಖಾತೆ ಸರಿಮಾಡಿಕೊಡಬಲ್ಲರು. ಆ ವಿದ್ಯೆ ಹಿರಿಯರಿಗಿಲ್ಲ, ಅವರಿಗಿದೆ. ಈಚೆಗೆ ನಿವೃತ್ತರಾಗಿ ಬಂದವರು ಡಿಸ್ಚಾರ್ಜ್ ಬುಕ್ಕಿನ ಪ್ರತಿ, ಪಿಪಿಒ, ಎರಡು ಫೋಟೊ ಹಿಡಿದು ಸಂಘಕ್ಕೆ ಹೋಗಿ ಹೆಸರು ಬರೆಸಲಿ. ಹೆಂಡತಿಯನ್ನೂ ಜೊತೆಗೆ ಕರೆದೊಯ್ಯಲಿ, ದಾಖಲೆಯಲ್ಲಿ ಆಕೆಯ ಹೆಸರು ಹೇಗಿದೆ ಎಂದು ತಾವು ಬದುಕಿರುವಾಗಲೇ ನೋಡಿಕೊಂಡು ತಿದ್ದಿಸಲಿ. ಮುಂದಿನ ಜನವರಿ 14ರ ಸಭೆಯಲ್ಲಿ ಯಾರಿಗೂ ಶಾಲು ಹೊದಿಸುವುದು ಬೇಡ. ಅಂದು ಹೋಬಳಿಯ ಪ್ರತಿ ಹಳ್ಳಿಯಿಂದ ಯಾರ ಪಿಂಚಣಿ ನಿಂತಿದೆ ಎಂಬ ಪಟ್ಟಿಯನ್ನು ಸಂಘ ಓದಲಿ, ತಹಶೀಲ್ದಾರರು ಅದನ್ನು ಅಲ್ಲೇ ಸಹಿ ಹಾಕಿ ಸ್ವೀಕರಿಸಲಿ.