ಪ್ಲಾಸ್ಮಾ ಕನ್ನಡಕ್ಕೆ ಹೊರೆಯಲ್ಲ, ಕನ್ನಡ ಬಾರದ ಮೇಷ್ಟ್ರು ಹೊರೆ



ಮಕ್ಕಳ ಏಳನೆಯ ತರಗತಿ ಮುಗಿಯುವ ಹೊತ್ತಿಗೆ ಗಡಿಯಾಚೆಯ ನಮ್ಮ ಊರುಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ಕನ್ನಡದಲ್ಲಿ ಕತೆ, ಪದ್ಯ ಓದಿದ್ದು ಸಾಕು. ಇನ್ನು ಮುಂದೆ ವಿಜ್ಞಾನ. ಪ್ಲಾಸ್ಮಾ, ಮ್ಯಾಗ್ನೆಟಿಕ್ ರೆಸೊನೆನ್ಸ್ ಇವನ್ನೆಲ್ಲ ಕನ್ನಡದಲ್ಲಿ ಕಲಿಯಲು ಆಗುತ್ತದೆಯೇ? ಟಿ.ಸಿ. ತೆಗೆದುಕೊಂಡು ಬೇರೆ ಮಾಧ್ಯಮಕ್ಕೆ ಹಾಕಿ." ಕಾಸರಗೋಡಿನಲ್ಲೂ ಇದೇ ಮಾತು, ಅಕ್ಕಲಕೋಟೆಯಲ್ಲೂ ಇದೇ ಮಾತು. ಒಂದೊಂದು ಟಿ.ಸಿ. ಹೊರಟಾಗಲೂ ತರಗತಿಯ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಕನ್ನಡ ವಿಭಾಗಕ್ಕೆ ಬೀಗ ಬೀಳುತ್ತದೆ. ಆದ್ದರಿಂದ ಈ ಮಾತನ್ನು ಪರೀಕ್ಷಿಸದೆ ಒಪ್ಪುವಂತಿಲ್ಲ. ಅವರು ಹೆಸರಿಸಿದ ಎರಡು ವಿಷಯಗಳನ್ನೇ ತೆಗೆದುಕೊಂಡು, ಇದೇ ಪುಟದಲ್ಲಿ, ಕನ್ನಡದಲ್ಲೇ ನೋಡೋಣ.

ಹಾಲಿನ ಪ್ಯಾಕೆಟ್ಟಿನ ಪಾಠ

ಹಾಲಿನ ಪ್ಯಾಕೆಟ್ಟು ಪಾಲಿಥೀನಿನದು. ಬರಿಯ ಪಾಲಿಥೀನಿನ ಮೇಲೆ ನೀರು ಕೆಸುವಿನ ಎಲೆಯ ಮೇಲಿನ ಹನಿಯಂತೆ ಉರುಳಿಹೋಗುತ್ತದೆ; ಶಾಯಿ ಹಿಡಿಯುವುದಿಲ್ಲ. ಹಾಗಾದರೆ ಅದರ ಮೇಲೆ ಹೆಸರು, ಬಣ್ಣ ಅಚ್ಚಾಗುವುದು ಹೇಗೆ? ಅಚ್ಚಿಗೆ ಮೊದಲು ಆ ಹಾಳೆಯನ್ನು ಹೆಚ್ಚಿನ ವೋಲ್ಟೇಜಿನ ವಿದ್ಯುತ್ತಿನ ಬಳಿ ಹಾಯಿಸುತ್ತಾರೆ. ಅಲ್ಲಿನ ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ಹೀಗೆ ಬಿಡಿಯಾದ ಎಲೆಕ್ಟ್ರಾನುಗಳೂ ಅಯಾನುಗಳೂ ಬೆರೆತಿರುವ ಅನಿಲವೇ ಪ್ಲಾಸ್ಮಾ. ಅದು ಪಾಲಿಥೀನಿನ ಮೇಲ್ಮೈಗೆ ಬಡಿದು ಕೆಲವು ಬಂಧಗಳನ್ನು ಮುರಿಯುತ್ತದೆ, ಅಲ್ಲಿ ಆಮ್ಲಜನಕ ಬಂದು ಕೂರುತ್ತದೆ. ಆಗ ಶಾಯಿ ಹಿಡಿಯುತ್ತದೆ. ಈ ಬದಲಾವಣೆಯ ಆಳ ಕೆಲವೇ ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವು ಭಾಗ. ಒಳಗಿನ ಹಾಳೆ ಇದ್ದ ಹಾಗೇ ಇರುತ್ತದೆ.

ಉಕ್ಕಿಗೂ ಇದೇ ಉಪಾಯ. ಗೇರು, ಅಚ್ಚುಗಳ ಮೈ ಸವೆಯಬಾರದು, ಒಳಗು ಮುರಿಯಬಾರದು. ಗಾಳಿ ತೆಗೆದ ಪಾತ್ರೆಯಲ್ಲಿ ಅವನ್ನಿಟ್ಟು, ಸಾರಜನಕ ಮತ್ತು ಜಲಜನಕವನ್ನು ಸ್ವಲ್ಪವೇ ಬಿಟ್ಟು, ಕೆಲವು ನೂರು ವೋಲ್ಟ್ ಕೊಡುತ್ತಾರೆ. ಸುಮಾರು 400ರಿಂದ 580 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸಾರಜನಕ ಉಕ್ಕಿನ ಮೈಯೊಳಗೆ ಇಳಿದು ಗಟ್ಟಿ ಪದರವಾಗುತ್ತದೆ. ಈ ಕೆಲಸಕ್ಕೆ ಸಯನೈಡ್ ಲವಣಗಳನ್ನು ಕರಗಿಸಿ ಉಕ್ಕನ್ನು ಅದ್ದುವ ಹಳೆಯ ಕ್ರಮವೂ ಇದೆ. ಪ್ಲಾಸ್ಮಾದಲ್ಲಿ ಆ ವಿಷದ ಗೊಡವೆಯಿಲ್ಲ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಇಂಥ ವಿಧಾನಗಳನ್ನು ಕಾರ್ಖಾನೆಗಳಿಗೆ ಮುಟ್ಟಿಸಲೆಂದೇ 1997ರಲ್ಲಿ ಒಂದು ಕೇಂದ್ರ ತೆರೆಯಿತು. ಅಂಗೋರಾ ಮೊಲದ ನುಣುಪು ಉಣ್ಣೆಯ ಎಳೆಗಳು ಜಾರದೆ ಒಂದನ್ನೊಂದು ಹಿಡಿದುಕೊಳ್ಳುವಂತೆ ಪ್ಲಾಸ್ಮಾದಿಂದ ಹದಗೊಳಿಸುವ ಯಂತ್ರವನ್ನೂ ಆ ಸಂಸ್ಥೆ ಮಾಡಿದೆ. ಸೊಲ್ಲಾಪುರದ ನೇಕಾರರ ಮನೆಯ ಮಗುವಿಗೆ ಎಳೆ ಜಾರುವುದೆಂದರೇನೆಂದು ಯಾವ ಪಠ್ಯಪುಸ್ತಕ ಹೇಳಿಕೊಡಬೇಕು?

ತಂಬೂರಿಯ ಪಾಠ

ಇನ್ನು ರೆಸೊನೆನ್ಸ್. ಕನ್ನಡದಲ್ಲಿ ಅನುರಣನ. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಇನ್ನೊಂದೂ ಮಿಡಿಯುತ್ತದೆ. ಶ್ರುತಿ ಬೇರೆಯಾದರೆ ಮಿಡಿಯುವುದಿಲ್ಲ. ತಿಳಿಯಬೇಕಾದ ಮೂಲ ಸಂಗತಿ ಇಷ್ಟೇ.

ಜಲಜನಕದ ಪರಮಾಣುವಿನ ನ್ಯೂಕ್ಲಿಯಸ್ ಒಂದು ಪುಟ್ಟ ಅಯಸ್ಕಾಂತ. ಅದನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟರೆ ಓಲಾಡುವ ಬುಗುರಿಯಂತೆ ತಿರುಗುತ್ತದೆ. ಕ್ಷೇತ್ರ 1 ಟೆಸ್ಲಾ ಇದ್ದರೆ ಸೆಕೆಂಡಿಗೆ ಸುಮಾರು 4 ಕೋಟಿ 25 ಲಕ್ಷ 80 ಸಾವಿರ ಸುತ್ತು. ಅದೇ ಶ್ರುತಿಯ ರೇಡಿಯೋ ಅಲೆ ಬಿಟ್ಟರೆ ನ್ಯೂಕ್ಲಿಯಸ್ ಮಿಡಿಯುತ್ತದೆ. ಸುತ್ತಲಿನ ಪರಮಾಣುಗಳು ಬೇರೆಯಾದರೆ ಆ ಶ್ರುತಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗುತ್ತದೆ. ಆ ವ್ಯತ್ಯಾಸವನ್ನು ಅಳೆದು, ವಸ್ತುವನ್ನು ಒಡೆಯದೆ, ಅದರ ಅಣುವಿನ ಕಟ್ಟಡ ಹೇಗಿದೆಯೆಂದು ಹೇಳಬಹುದು. ದ್ರವ ಮತ್ತು ಘನ ವಸ್ತುಗಳಲ್ಲಿ ಇದನ್ನು ಕಂಡುಕೊಂಡ ಬ್ಲಾಕ್ ಮತ್ತು ಪರ್ಸೆಲ್ ಅವರಿಗೆ 1952ರಲ್ಲಿ ನೊಬೆಲ್ ಬಂತು. ಆಸ್ಪತ್ರೆಯ ಎಂ.ಆರ್.ಐ. ಸ್ಕ್ಯಾನಿಂಗಿಗೂ ಇದೇ ಬುಡ.

ಎಲೆಕ್ಟ್ರಾನೂ ಹೀಗೆ ಮಿಡಿಯುತ್ತದೆ, ಜೊತೆಯಿಲ್ಲದೆ ಒಂಟಿಯಾಗಿದ್ದಾಗ ಮಾತ್ರ. ಅದರ ಶ್ರುತಿ 1 ಟೆಸ್ಲಾಕ್ಕೆ ಸೆಕೆಂಡಿಗೆ ಸುಮಾರು 2,800 ಕೋಟಿ. ಪ್ಲಾಸ್ಮಾ ಬಡಿದು ಬಂಧ ಮುರಿದ ಪ್ಲಾಸ್ಟಿಕ್ಕಿನಲ್ಲಿ ಉಳಿಯುವುದು ಇಂಥ ಒಂಟಿ ಎಲೆಕ್ಟ್ರಾನುಗಳೇ. ಅನುರಣನದಿಂದ ಅವನ್ನು ಎಣಿಸಿದರೆ ಪ್ಲಾಸ್ಮಾ ಎಷ್ಟು ಕೆಲಸ ಮಾಡಿದೆಯೆಂಬುದು ಗೊತ್ತಾಗುತ್ತದೆ. ಒಂದು ವಿದ್ಯೆ ವಸ್ತುವನ್ನು ಹದಗೊಳಿಸುತ್ತದೆ, ಇನ್ನೊಂದು ಆ ಹದವನ್ನು ಪರೀಕ್ಷಿಸುತ್ತದೆ. ಈ ಎಲೆಕ್ಟ್ರಾನ್ ಅನುರಣನವನ್ನು 1944ರಲ್ಲಿ ಕಂಡುಹಿಡಿದ ಜವೋಯ್ಸ್ಕಿ, ಕಜಾನ್ ಎಂಬ ಊರಿನಲ್ಲಿ ರಷ್ಯನ್ ಭಾಷೆಯಲ್ಲಿ ಓದಿ, ರಷ್ಯನ್ನಿನಲ್ಲೇ ಪಾಠ ಹೇಳುತ್ತಿದ್ದವರು. ಅವರಿಗೆ ಯಾರೂ ಟಿ.ಸಿ. ಕೊಡಿಸಲಿಲ್ಲ.

ಪದದ ಭಯ ಯಾರಿಗೆ?

ಓದಿದಿರಿ. ಎಲ್ಲಿ ಕನ್ನಡ ಕೈಕೊಟ್ಟಿತು? "ಪ್ಲಾಸ್ಮಾ, ಎಲೆಕ್ಟ್ರಾನ್ ಎಂಬ ಪದಗಳನ್ನು ಹಾಗೇ ಇಟ್ಟಿರಲ್ಲ" ಎಂದು ಕೆಲವರು ಕೇಳಬಹುದು. ಇಟ್ಟೆವು. ಪ್ಲಾಸ್ಮಾ ಇಂಗ್ಲಿಷಿನ ಸ್ವಂತ ಆಸ್ತಿಯೂ ಅಲ್ಲ. ಅದು ಗ್ರೀಕ್ ಪದ. ಅನಿಲಕ್ಕೆ ಆ ಹೆಸರನ್ನು 1928ರಲ್ಲಿ ಲ್ಯಾಂಗ್‌ಮ್ಯೂರ್ ಇಟ್ಟರು. ಇಂಗ್ಲಿಷಿನವರು ಸಾಲ ತಂದರೆ ವಿಜ್ಞಾನ, ನಾವು ತಂದರೆ ಬಡತನವೇ?

ಇನ್ನೊಂದು ಮಾತು ನಮ್ಮವರಿಗೇ ಹೇಳಬೇಕು. ನಾಲಿಗೆ ಹೊರಳದ ಸಂಸ್ಕೃತ ಸಮಾಸಗಳನ್ನು ಕಟ್ಟಿ ಪಠ್ಯಪುಸ್ತಕಕ್ಕೆ ತುರುಕಿದವರು ಕನ್ನಡಕ್ಕೆ ಉಪಕಾರ ಮಾಡಿಲ್ಲ. ಮಕ್ಕಳು ಇಂಗ್ಲಿಷ್ ಪದವನ್ನೂ ಜೊತೆಜೊತೆಗೇ ಕಲಿಯಲಿ, ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಯಲಿ. ಅದಕ್ಕೆ ನಮ್ಮ ತಕರಾರಿಲ್ಲ. ಅರ್ಥ ಮಾತ್ರ ಮೊದಲು ತನ್ನ ನುಡಿಯಲ್ಲಿ ಹತ್ತಬೇಕು. ಅರ್ಥ ಹತ್ತಿದವನಿಗೆ ಪದ ಒಂದು ದಿನದ ಕೆಲಸ. ಅರ್ಥವಿಲ್ಲದೆ ಬಾಯಿಪಾಠ ಮಾಡಿದ ಪದ ಪರೀಕ್ಷೆ ಮುಗಿದ ಸಂಜೆಗೇ ಮರೆತುಹೋಗುತ್ತದೆ.

ಮಕ್ಕಳು ವಿಜ್ಞಾನದಲ್ಲಿ ಹಿಂದೆ ಬೀಳುತ್ತಿದ್ದರೆ ಕಾರಣ ಬೇರೆ ಇದೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸುವುದು. ಪುಸ್ತಕ ತಡವಾಗಿ ತಲುಪುವುದು. ಪ್ರಯೋಗಶಾಲೆಯ ಬಾಗಿಲು ತನಿಖೆಯ ದಿನ ಮಾತ್ರ ತೆರೆಯುವುದು. ಇವನ್ನೆಲ್ಲ ಮಾಡಿದವರೇ ಕೊನೆಗೆ "ನಿಮ್ಮ ಭಾಷೆಯಲ್ಲಿ ಕಸುವಿಲ್ಲ" ಎನ್ನುತ್ತಾರೆ. ಕೈಕಾಲು ಕಟ್ಟಿ ನೀರಿಗೆ ನೂಕಿ, ಈಜು ಬರುವುದಿಲ್ಲವೆಂದು ದೂರುವ ನ್ಯಾಯ ಇದು.

ಒಂದು ಸಂಗತಿ ತಿಳಿದಿರಲಿ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸಲು ತಕ್ಕ ಅನುಕೂಲ ಒದಗಿಸಬೇಕೆನ್ನುತ್ತದೆ. ಆದರೆ ಅದು ಹೇಳುವುದು ಪ್ರಾಥಮಿಕ ಹಂತವನ್ನು ಮಾತ್ರ. ವಿಜ್ಞಾನ ಗಟ್ಟಿಯಾಗುವುದು ಹೈಸ್ಕೂಲಿನಲ್ಲಿ. ಅಲ್ಲಿಗೆ ಬರುವಾಗ ಈ ವಿಧಿಯ ಆಸರೆ ತಪ್ಪುತ್ತದೆ. ಉಳಿಯುವುದು ನಮ್ಮ ಸಂಘಟನೆ, ನಮ್ಮ ಹಟ.

ಆದ್ದರಿಂದ ಮುಂದಿನ ಪಾಲಕರ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ:

1. ನಮ್ಮ ಮಕ್ಕಳ ವಿಜ್ಞಾನ ಶಿಕ್ಷಕರಿಗೆ ಕನ್ನಡ ಓದಲು, ಬರೆಯಲು, ಪಾಠ ಹೇಳಲು ಬರುತ್ತದೆಯೇ?
2. ವಿಜ್ಞಾನದ ಕನ್ನಡ ಪುಸ್ತಕ ಯಾವ ತಾರೀಖಿಗೆ ಮಕ್ಕಳ ಕೈ ಸೇರಿತು?
3. ಈ ವರ್ಷ ಮಕ್ಕಳು ತಮ್ಮ ಕೈಯಾರೆ ಮಾಡಿದ ಪ್ರಯೋಗಗಳು ಎಷ್ಟು?

ಉತ್ತರ ಸಿಗದಿದ್ದರೆ ಲಿಖಿತ ದೂರು ಕೊಡಿ. ಅದರ ಪ್ರತಿಯನ್ನು ಇದೇ ತಿದ್ದುಪಡಿಯ 350ಬಿ ವಿಧಿಯಂತೆ ಇರುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಕಳಿಸಿ. ಟಿ.ಸಿ.ಗೆ ಅರ್ಜಿ ಬರೆಯುವ ಮೊದಲು ಈ ದೂರಿನ ಅರ್ಜಿ ಬರೆಯಿರಿ. ಬದಲಾಗಬೇಕಾದದ್ದು ಮಗುವಿನ ಭಾಷೆಯಲ್ಲ, ಶಾಲೆಯ ವ್ಯವಸ್ಥೆ.