ನೀರಿನ ಸೂಜಿ ಬೇಡ, ಚೀಟಿ ಎತ್ತಿ

ಮಂಗನ ಕಾಯಿಲೆ ಮಲೆನಾಡಿನದು ಅಂತ ನಮ್ಮ ಹುಣಸೂರು, ಕೋಟೆ ಕಡೆ ಇನ್ನೂ ಅಂದುಕೊಂಡವರಿದ್ದಾರೆ. 2012ರಲ್ಲೇ ಅದು ಬಂಡೀಪುರಕ್ಕೆ ಬಂದಿತ್ತು. ನಮ್ಮ ಕಾಡಂಚಿನ ಹಾಡಿಗಳಿಗೆ ಅದೇನು ದೂರವೇ?

ಹಳೆ ಲಸಿಕೆಯ ಲೆಕ್ಕ ನೋಡಿ. 1990–92ರ ಪರೀಕ್ಷೆಯಲ್ಲಿ ಎರಡು ಡೋಸ್‌ಗೆ ಶೇ 93.5 ರಕ್ಷಣೆ ಎಂದರು. 2005–10ರ ಅಂಕಿ ತೆಗೆದರೆ ಶೇ 62.4. ಎರಡೂ ಸಲ ಹೋಲಿಸಿದ್ದು ಸೂಜಿ ಹಾಕಿಸಿಕೊಂಡವರನ್ನು, ಹಾಕಿಸಿಕೊಳ್ಳದವರ ಜೊತೆ. ಮದ್ದಿಲ್ಲದ ಸೂಜಿ, ಅಂದರೆ ಪ್ಲೇಸಿಬೋ ಇರಲಿಲ್ಲ ಎಂಬುದು ನಮ್ಮ ತಕರಾರಲ್ಲ. ಜೀವ ತೆಗೆಯುವ ಜ್ವರಕ್ಕೆ ಬರೀ ನೀರು ಚುಚ್ಚಿ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಆದರೆ ಲಸಿಕೆ ಶಿಬಿರಕ್ಕೆ ಬರುವವರು ಯಾರು? ಬೆಳಗ್ಗೆಯೇ ಜೇನಿಗೆ, ಸೌದೆಗೆ ಕಾಡು ಹೊಕ್ಕವರಂತೂ ಅಲ್ಲ. ಉಣುಗು ಹೆಚ್ಚು ಕಚ್ಚಿಸಿಕೊಳ್ಳುವವರೇ ಸೂಜಿಯಿಂದ ಹೊರಗುಳಿದರೆ, ಲಸಿಕೆ ಇರುವುದಕ್ಕಿಂತ ಚೆನ್ನಾಗಿಯೇ ಕಾಣುತ್ತದೆ.

2022ರಲ್ಲಿ ಆ ಲಸಿಕೆ ನಿಂತಿತು. ಹೊಸದು ತಯಾರಾಗುತ್ತಿದೆ. ಅದರ ಪ್ರಯೋಗ ನಮ್ಮಲ್ಲಿಗೆ ಬಂದರೆ ಎಲ್ಲ ಹಾಡಿಗೂ ಕೊಡಿ. ಯಾವುದಕ್ಕೆ ಈ ವರ್ಷ, ಯಾವುದಕ್ಕೆ ಮುಂದಿನ ವರ್ಷ ಎಂಬುದನ್ನು ಮಾತ್ರ ಜನರ ಮುಂದೆಯೇ ಚೀಟಿ ಎತ್ತಿ ತೀರ್ಮಾನಿಸಿ. ಕಾಯುವ ಹಾಡಿಗಳ ಜೊತೆ ಹೋಲಿಸಿ. ಲೆಕ್ಕವನ್ನೂ ಹಾಡಿವಾರು ಹಾಕಿ: ಒಂದೇ ಕಾಡಿಗೆ ಹೋಗುವ ಐವತ್ತು ಜನ ಐವತ್ತು ಬೇರೆ ಬೇರೆ ಸಾಕ್ಷಿಗಳಲ್ಲ. ನೂರು ಜನ ಸಿಕ್ಕರೆಂದು ಎರಡೇ ಹಾಡಿಗೆ ಕೈತೊಳೆದುಕೊಳ್ಳಬೇಡಿ.